ಎಂಜಿನ್ನಿನ ಹಸಿವು

1993ರಲ್ಲಿ ಜಪಾನಿನಲ್ಲಿ ಹೊರಬಂದ ಟೊಯೋಟಾ ಸೂಪ್ರಾ ಕಾರಿನ ಮೂರು ಲೀಟರಿನ ಎಂಜಿನ್ನಿಗೆ ಹೊಗೆಯ ರಭಸದಿಂದಲೇ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಎರಡು ಟರ್ಬೊಗಳು. ಬಲ 280 ಅಶ್ವಶಕ್ತಿ. ಉತ್ಸಾಹಿಗಳಿಗೆ ಅದು ಸಾಲದು. ಇನ್ನೂ ದೊಡ್ಡ ಟರ್ಬೊ ಅಳವಡಿಸಿ 500ಕ್ಕೆ ಏರಿಸುತ್ತಾರೆ. ಅಷ್ಟು ಗಾಳಿಗೆ ತಕ್ಕ ಪೆಟ್ರೋಲೂ ಬೇಡವೇ? ಪೂರ್ಣಶಕ್ತಿಯಲ್ಲಿ ಗಂಟೆಗೆ ಸುಮಾರು 180 ಲೀಟರಿನ ಲೆಕ್ಕ; ಕುಬೇರನ ಕೈಯೂ ನಡುಗಬೇಕು!

ಹೊಸ ಪಂಪನ್ನು ಕೊಳ್ಳುವವರು ಡಬ್ಬಿಯ ಮೇಲಿನ ಅಂಕಿಯನ್ನೇ ನಂಬಿಬಿಡುತ್ತಾರೆ. ಗಂಟೆಗೆ 255 ಲೀಟರ್ ಎಂಬುದು ಸಾಮಾನ್ಯವಾಗಿ 3 ಬಾರ್, ಎಂದರೆ ವಾತಾವರಣದ ಸುಮಾರು ಮೂರರಷ್ಟು ಒತ್ತಡದ ಮಾತು. ಟರ್ಬೊ 1.5 ಬಾರ್ ಒತ್ತಿದಾಗ ಪೆಟ್ರೋಲು ಆ ಗಾಳಿಗೆ ಎದುರಾಗಿ ಚಿಮ್ಮಬೇಕು. ಪಂಪಿನ ಹೊರೆ 4.5 ಬಾರಿಗೆ ಏರುತ್ತದೆ. ಒತ್ತಡ ಏರಿದಂತೆ ಹರಿವು ಇಳಿಯುವುದು ಪಂಪಿನ ಧರ್ಮ. ಕೇಳಿದ ಗಳಿಗೆಯಲ್ಲೇ ಕೈ ಬಿಗಿಹಿಡಿಯುವ ಧಣಿಯಂತೆ. ತೆಳ್ಳನೆಯ ಹಳೆಯ ತಂತಿಯಲ್ಲಿ ವಿದ್ಯುತ್ತು ಸೊರಗಿದರಂತೂ ಮತ್ತಷ್ಟು ಕಡಿಮೆ. ಪೆಟ್ರೋಲು ಸಾಲದಾದರೆ ಮಿಶ್ರಣವು ಅಕಾಲದಲ್ಲಿ ಸಿಡಿದು, ಎಂಜಿನ್ನು ಬಡಿದುಕೊಂಡು, ಅಲ್ಯೂಮಿನಿಯಮ್ಮಿನ ಪಿಸ್ಟನ್ ಕರಗಿಯೇ ಹೋಗಬಹುದು. ಆದಕಾರಣ ಬಲ್ಲ ಮೆಕ್ಯಾನಿಕ್ಕು 4.5 ಬಾರಿನಲ್ಲಿ ಎಷ್ಟು ಹರಿಯುವುದೆಂದು ಮೊದಲು ಕೇಳುತ್ತಾನೆ. ಬ್ಯಾಟರಿಯಿಂದ ರಿಲೇ ಮೂಲಕ ಪಂಪಿಗೆ ನೇರವಾಗಿ ದಪ್ಪ ತಂತಿಯೊಂದನ್ನು ಎಳೆಯುತ್ತಾನೆ.