ಹದಿನೈದು ಇಂಚಿನ ಆಸೆ

"ಮಾವ, ಎಂಟಿಂಚಿಂದು ತಕ್ಕಳದೋ, ಹದಿನೈದಿಂಚಿಂದು ತಕ್ಕಳದೋ?" ಎಂದು ನನ್ನ ತಂಗಿಯ ಮಗ ಕೇಳಿದಾಗ ಬೋರ್‌ವೆಲ್ಲಿಗೆ ಇಳಿಸುವ ಕೇಸಿಂಗ್ ಪೈಪಿನ ಮಾತು ಎಂದುಕೊಂಡೆ. ಹದಿನೈದು ಇಂಚಿನ ಕೇಸಿಂಗು ಯಾವ ಪುಣ್ಯಾತ್ಮ ಹಾಕಿಸುತ್ತಾನೆ ಎಂದು ಯೋಚಿಸುತ್ತಿರುವಾಗಲೇ ಅವನು ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದ. ಉದ್ದನೆಯ ಕೋಲು, ಕೋಲಿನ ತುದಿಗೆ ದೋಸೆಕಲ್ಲಿನಂಥ ಕಪ್ಪು ತಟ್ಟೆ. ಮೆಟಲ್ ಡಿಟೆಕ್ಟರು. ತಟ್ಟೆಯೊಳಗಿರುವುದು ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್. ಮಳವಳ್ಳಿ ಮದ್ದೂರಿನ ಕಡೆಯವರಿಗೆ ಕಾಯಿಲ್ ಹೊಸ ಮಾತಲ್ಲ. ಕರೆಂಟು ಏರಿಳಿದು ಪಂಪ್‌ಸೆಟ್ಟಿನ ಮೋಟರು ಸುಟ್ಟಾಗಲೆಲ್ಲ ಕಾಯಿಲ್ ಕಟ್ಟಿಸಿಕೊಂಡು ಬಂದವರೇ ನಾವೆಲ್ಲ. ಈ ಕಾಯಿಲ್ ನೀರೆತ್ತುವುದಲ್ಲ, ಚಿನ್ನ ಎತ್ತುವುದಂತೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನಾದ್ದರಿಂದ ಇಂಚಿನ ಲೆಕ್ಕ ನನಗೆ ಗೊತ್ತಿರಬೇಕು ಎಂಬುದು ಅವನ ಎಣಿಕೆ. ಅದು ಸರಿಯೇ. ಅದರ ಜೊತೆಗೆ ಇನ್ನೊಂದು ಕಾಗದವೂ ಅವನ ಜೇಬಿನಲ್ಲಿತ್ತು. ಯಂತ್ರಕ್ಕೆ ದುಡ್ಡು ಹೊಂದಿಸಲು ಹೆಂಡತಿಯ ಸರ ಗಿರವಿಗೆ ಹೋಗಿತ್ತು, ಸಾಲದ್ದಕ್ಕೆ ತೆಗೆಯುವ ಸಾಲಕ್ಕೆ ನಾನು ಜಾಮೀನು ನಿಲ್ಲಬೇಕಾಗಿತ್ತು. ಇರುವ ಚಿನ್ನವನ್ನು ಅಡವಿಟ್ಟು ಇಲ್ಲದ ಚಿನ್ನವನ್ನು ಹುಡುಕುವ ಈ ವ್ಯವಹಾರಕ್ಕೆ ನನ್ನ ಸಹಿ!

ಅವನನ್ನು ಸೋಮಾರಿ ಎಂದು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾಲೆಯ ಕೊನೆ ಭಾಗದ ಜಮೀನು ಅವನದು. ನೀರು ಮಂಡ್ಯದಲ್ಲಿ ತುಂಬಿ ಹರಿದು ನಮ್ಮ ಕಡೆಗೆ ಬರುವ ಹೊತ್ತಿಗೆ ಪತ್ರಿಕಾ ಹೇಳಿಕೆಯಾಗಿರುತ್ತದೆ. ಕಬ್ಬು ಕಡಿಸಿದರೆ ದುಡ್ಡು ಕೈಗೆ ಬರುವಷ್ಟರಲ್ಲಿ ಬಡ್ಡಿ ಅದನ್ನು ನುಂಗಿರುತ್ತದೆ. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಮಣ್ಣನ್ನು ನೋಡುವ ಕಣ್ಣೇ ಬದಲಾಗಿದೆ. ಇದೆಲ್ಲ ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು, ಇಷ್ಟು ಕಷ್ಟ ಕಂಡ ಹುಡುಗ ಕೇಳುವ ಮೊದಲ ಪ್ರಶ್ನೆ "ಎಷ್ಟು ಇಂಚು" ಎನ್ನುವುದಾಗಿರುತ್ತದಲ್ಲ, ಅದು.

ಕೇಳಿದ್ದಾನೆ, ಉತ್ತರ ಹೇಳೋಣ. ಕಾಯಿಲಿಗೆ ವಿದ್ಯುತ್ತು ಹರಿಸಿದರೆ ಸುತ್ತ ಕಾಂತಕ್ಷೇತ್ರ ಏಳುತ್ತದೆ. ಆ ಕ್ಷೇತ್ರ ಏರಿಳಿಯುವಾಗ ಮಣ್ಣಿನೊಳಗಿನ ಲೋಹದಲ್ಲಿ ಚಿಕ್ಕ ಸುಳಿಪ್ರವಾಹ ಹುಟ್ಟುತ್ತದೆ, ಆ ಪ್ರವಾಹ ತನ್ನದೇ ಕಾಂತಕ್ಷೇತ್ರವನ್ನು ವಾಪಸು ಕಳಿಸುತ್ತದೆ, ಅದನ್ನು ಯಂತ್ರ ಕೇಳಿಸಿಕೊಂಡು ಕಿರುಚುತ್ತದೆ. ಇಷ್ಟೇ. ಇದರಲ್ಲಿ ಮಂತ್ರವೂ ಇಲ್ಲ, ಅಂಜನವೂ ಇಲ್ಲ. ಕಾಯಿಲಿನ ಅಗಲವನ್ನು ಮೀರಿ ದೂರ ಹೋದಂತೆ ಈ ಕ್ಷೇತ್ರ ಎಷ್ಟು ಬೇಗ ಸೊರಗುತ್ತದೆಂದರೆ, ದೂರ ಎರಡರಷ್ಟಾದರೆ ಬಲ ಎಂಟರಲ್ಲೊಂದು ಪಾಲು. ಹೋಗುವಾಗ ಎಂಟರಲ್ಲೊಂದು, ಬರುವಾಗ ಮತ್ತೆ ಎಂಟರಲ್ಲೊಂದು. ಕೊನೆಗೆ ಕಿವಿಗೆ ಬೀಳುವುದು ಅರವತ್ತನಾಲ್ಕರಲ್ಲಿ ಒಂದು ಪಾಲು. ನಾಣ್ಯದಷ್ಟು ವಸ್ತುವಾದರೆ ಸುಮಾರಾಗಿ ಕಾಯಿಲಿನ ಅಗಲದಷ್ಟೇ ಆಳದವರೆಗೆ ಕೇಳಿಸಬಹುದು ಎಂಬುದು ಬಳಸಿದವರ ಅಂದಾಜು. ದೊಡ್ಡ ಕಾಯಿಲಿನ ಕ್ಷೇತ್ರ ಆಳಕ್ಕಿಳಿಯುತ್ತದೆ, ಆದರೆ ಅಗಲಕ್ಕೆ ಹರಡಿ ತೆಳುವಾಗಿರುತ್ತದೆ. ಆದ್ದರಿಂದ ಅದು ಕೊಡದಂಥ ದೊಡ್ಡ ವಸ್ತುವನ್ನು ಆಳದಲ್ಲಿ ಗುರುತಿಸೀತು, ಅಕ್ಕಿಕಾಳಿನಷ್ಟು ಚಿನ್ನ ಮೇಲೆಯೇ ಇದ್ದರೂ ಗೊತ್ತಾಗದೆ ಮುಂದೆ ಹೋದೀತು. ಚಿಕ್ಕ ಕಾಯಿಲು ಕಾಳನ್ನು ಹಿಡಿಯುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ, ಅಮೆರಿಕದ ಮರುಭೂಮಿಗಳಲ್ಲಿ ಗಟ್ಟಿ ಚಿನ್ನ ಹುಡುಕುವವರು ಎರಡನ್ನೂ ಇಟ್ಟುಕೊಂಡು ನೆಲ ನೋಡಿ ಬದಲಿಸಿಕೊಳ್ಳುತ್ತಾರೆ.

ನೆಲ ನೋಡಿ ಎಂದೆನಲ್ಲ, ನಮ್ಮ ಹುಡುಗರು ನೋಡದೆ ಇರುವುದು ಅದನ್ನೇ. ನಮ್ಮದು ಕೆಮ್ಮಣ್ಣು. ಕೆಂಪಾಗಿರುವುದೇ ಕಬ್ಬಿಣದ ದೆಸೆಯಿಂದ. ಕಾಯಿಲು ದೊಡ್ಡದಾದಷ್ಟೂ ಅದರಡಿಗೆ ಬರುವ ಮಣ್ಣು ಹೆಚ್ಚು, ಮಣ್ಣು ಹೆಚ್ಚಾದಷ್ಟೂ ಅದರ ಕಬ್ಬಿಣದ ಗಲಾಟೆ ಹೆಚ್ಚು. ಸಂತೆಯೊಳಗೆ ದೊಡ್ಡ ಕಿವಿ ಇಟ್ಟುಕೊಂಡು ನಿಂತರೆ ಗುಟ್ಟು ಕೇಳಿಸುವುದಿಲ್ಲ, ಸಂತೆಯೇ ಕೇಳಿಸುತ್ತದೆ.

ನಾನು ಇಷ್ಟು ಹೇಳಿದರೂ ಅವನಿಗೆ ನಂಬಿಕೆ ಬರಲಿಲ್ಲ. ಒಂದು ಭಾನುವಾರ ಯಾರಿಂದಲೋ ಯಂತ್ರ ಎರವಲು ತಂದು, ಎರಡು ಕಾಯಿಲುಗಳನ್ನೂ ಹೆಗಲಿಗೆ ಹಾಕಿಕೊಂಡು ನನ್ನ ಹೊಲಕ್ಕೇ ಬಂದ. ದೊಡ್ಡದನ್ನು ಸಿಕ್ಕಿಸಿ ನಾಲ್ಕು ಹೆಜ್ಜೆ ಹೋಗಿಲ್ಲ, ಕಿರುಚಾಟ ಶುರುವಾಯಿತು. ಅಗೆದೆವು. ಎತ್ತಿನ ಲಾಳ. ಮತ್ತೆ ಅಗೆದೆವು. ಕುಡುಗೋಲಿನ ಮೊನೆ. ಆಮೇಲೆ ಗುಟ್ಕಾ ಚೀಟಿ, ಸೋಡಾ ಬಾಟಲಿಯ ಮುಚ್ಚಳ, ಲೈನ್‌ಮನ್ ಕತ್ತರಿಸಿ ಎಸೆದಿದ್ದ ಅಲ್ಯುಮಿನಿಯಂ ತಂತಿಯ ತುಂಡು. ಪಂಪ್‌ಸೆಟ್ಟಿನ ಮನೆಯ ಹತ್ತಿರ ಹೋದರೆ ಅದು ದೆವ್ವ ಮೆಟ್ಟಿದವರ ಹಾಗೆ ಒಂದೇ ಸಮ ಊಳಿಡತೊಡಗಿತು. ನನ್ನ ಅಪ್ಪ, ತಾತ ಆ ನೆಲದಲ್ಲಿ ಕಳೆದುಕೊಂಡಿದ್ದೆಲ್ಲ ಒಂದು ಮಂಕರಿಯಾಯಿತು. ಲಾಳಗಳನ್ನು ಲೆಕ್ಕ ಹಾಕುತ್ತ ನಾನು ಸ್ವಲ್ಪ ಹೊತ್ತು ಮೈಮರೆತೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಒಂದೊಂದು ಲಾಳಕ್ಕೂ ಒಂದೊಂದು ಎತ್ತಿನ ಹೆಸರು ನೆನಪಾಗುತ್ತಿತ್ತು.

"ಚಿನ್ನ ಇದ್ದಿದ್ರೆ ಕೂಗ್ತಿತ್ತು ಕಣ್ ಮಾವ" ಎಂದ. ನನ್ನ ಹೆಂಡತಿಯ ಮೂಗುಬಟ್ಟನ್ನು ಇಸಿದುಕೊಂಡು ಒಂದು ಗೇಣಿನಷ್ಟೂ ಇಲ್ಲ, ಎರಡು ಬೆರಳು ಆಳದಲ್ಲಿ ಹೂತೆ. ಹದಿನೈದು ಇಂಚಿನ ತಟ್ಟೆ ಅದರ ಮೇಲೆ ಹತ್ತು ಸಾರಿ ಹಾದುಹೋಯಿತು, ತುಟಿ ಬಿಚ್ಚಲಿಲ್ಲ. ಚಿಕ್ಕ ಕಾಯಿಲು ಹಾಕಿದ ಮೇಲೆ ಮೂರನೆಯ ಸಾರಿಗೆ ಕೀರಲು ದನಿಯಲ್ಲಿ ಏನೋ ಅಂದಿತು. ಅಷ್ಟರಲ್ಲಿ ನಾವು ತುಳಿದಾಡಿ ಗುರುತು ಅಳಿಸಿದ್ದರಿಂದ ಮಣ್ಣನ್ನು ಜರಡಿ ಹಿಡಿದು ಮೂಗುಬಟ್ಟನ್ನು ತೆಗೆಯುವ ಹೊತ್ತಿಗೆ ಸಂಜೆಯಾಗಿತ್ತು. "ಇದ್ದದ್ದನ್ನೂ ಕಳೀತಿದ್ರಿ" ಎಂದು ಹೆಂಡತಿ ಅಂದಳು. ಅವಳ ಮಾತಿನಲ್ಲಿ ನನ್ನ ಇಡೀ ಲೇಖನ ಇದೆ.

ಇನ್ನು ಚಿನ್ನ ಎಲ್ಲಿದೆ ಎಂಬ ಮಾತು. 1980ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯದಲ್ಲಿ ಒಬ್ಬ ಮನುಷ್ಯನಿಗೆ ಇಂಥದೇ ಯಂತ್ರದಿಂದ 27 ಕಿಲೋ ದಾಟಿದ ಚಿನ್ನದ ಗಟ್ಟಿ ಸಿಕ್ಕಿತು, ನಿಜ. ಅದನ್ನೇ ಇವರು ಮೊಬೈಲಿನಲ್ಲಿ ನೋಡುವುದು. ಆದರೆ ಅದು ಸಿಕ್ಕಿದ್ದು ಸುಮಾರು ಒಂದು ಅಡಿ ಆಳದಲ್ಲಿ, ಗಟ್ಟಿಗಳಾಗಿಯೇ ಚಿನ್ನ ಚೆದುರಿ ಬಿದ್ದಿರುವ ಸೀಮೆಯಲ್ಲಿ. ನಮ್ಮ ಕರ್ನಾಟಕದ ಚಿನ್ನ ಬೇರೆ ಜಾತಿಯದು. ಕೋಲಾರದಲ್ಲಿ, ಹಟ್ಟಿಯಲ್ಲಿ ಅದು ಬಂಡೆಯ ಬಿಳಿಗಲ್ಲಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಪುಡಿಯಾಗಿ ಬೆರೆತಿದೆ. ಒಂದು ಟನ್ ಕಲ್ಲು ಅರೆದರೆ ಕೆಲವು ಗ್ರಾಂ. ಯಾವ ಇಂಚಿನ ಕಾಯಿಲಿಗೂ ಆ ಪುಡಿ ಕೇಳಿಸುವುದಿಲ್ಲ. ಕೋಲಾರದವರು ಅದಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು, ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ತೆಗೆದರು, ಖರ್ಚು ಗಿಟ್ಟದೆ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದರು. ನಮ್ಮ ಜಿಲ್ಲೆಯ ಕೆ.ಆರ್. ಪೇಟೆ ಸೀಮೆಯ ಬೆಳ್ಳಿಬೆಟ್ಟದಲ್ಲಿ ಹಿಂದೆ ಚಿನ್ನದ ಶೋಧ ನಡೆದದ್ದುಂಟು. ಮದ್ದೂರು ಮಳವಳ್ಳಿಯ ಅಡಿಯಲ್ಲಿರುವುದು ಬಹುಮಟ್ಟಿಗೆ ಬೂದುಗಲ್ಲು. ಮರ್ಲಗಲ್ಲದಲ್ಲಿ ಲಿಥಿಯಂ ಇದೆ ಎಂದು ಸರ್ಕಾರ 2021ರಲ್ಲಿ ಹೇಳಿದ ಮೇಲೆ "ನಮ್ಮೂರಲ್ಲೂ ಏನೋ ಐತೆ" ಎಂಬ ಗುಲ್ಲು ಎದ್ದಿದೆ. ಕಲ್ಲಿನ ಖನಿಜದೊಳಗೆ ಸೇರಿಹೋದ ಲಿಥಿಯಂ ಯಾವ ತಟ್ಟೆಗೂ ಕೂಗುವುದಿಲ್ಲ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಚಿನ್ನಕ್ಕೂ ಮಳವಳ್ಳಿಗೂ ಸಂಬಂಧವೇ ಇಲ್ಲ ಎಂದಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ನಡೆದು ಹೋದದ್ದು ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನಮ್ಮ ತಾಲೂಕಿನ ನೀರು ಬಿದ್ದು ಆ ಚಿನ್ನ ಮೇಲೆದ್ದಿತು. ನಮ್ಮ ಕಾಯಿಲುಗಳು ಚಿನ್ನ ಎತ್ತಿದ್ದಿದ್ದರೆ ಅದು ಹಾಗೆ.

ಇಷ್ಟೆಲ್ಲ ಕೇಳಿಕೊಂಡು ಅವನು ತಲೆ ಕೆರೆದುಕೊಂಡು ನಿಜ ಬಾಯಿಬಿಟ್ಟ. "ಗಣಿ ಚಿನ್ನ ಅಲ್ಲ ಮಾವ, ಹೂತಿರದು. ಹಳೇ ಗುಡಿತಾವು." ಜೊತೆಗೆ ಮೂವರು ಪಾಲುದಾರರು, ಒಬ್ಬ ಸ್ವಾಮಿ. ಸ್ವಾಮಿ ಜಾಗ ತೋರಿಸುತ್ತಾನೆ, ಯಂತ್ರ ಖಾತ್ರಿ ಮಾಡುತ್ತದೆ. ಹದಿನೈದು ಇಂಚು ಏಕೆಂದು ಆಗ ನನಗೆ ಹೊಳೆಯಿತು. ಅದು ಕೊಡ ಹುಡುಕುವವನ ಅಳತೆ.

ಇಲ್ಲಿಂದ ಮುಂದೆ ನನಗೆ ಇಂಚಿನ ಚರ್ಚೆಯಲ್ಲಿ ಆಸಕ್ತಿ ಇಲ್ಲ, ಸಿಟ್ಟು ಮಾತ್ರ ಇದೆ. ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು 1878ರ ಕಾಯಿದೆಯ ಕಾಲದಿಂದ ಇರುವ ನಿಯಮ. ನಿಧಿಯ ಹೆಸರಿನ ಮಾಟ ಮಂತ್ರ, ಬಲಿಗಳನ್ನು ಕರ್ನಾಟಕದ 2017ರ ಕಾಯಿದೆ ಅಪರಾಧವೆಂದು ಹೇಳುತ್ತದೆ. ಇದನ್ನು ಹೇಳಿದರೆ "ಕಾನೂನು ಯಾರ್ ನೋಡ್ತರೆ ಬುಡಿ" ಎನ್ನುತ್ತಾರೆ. ಯಂತ್ರವೇ ಖಾತ್ರಿ ಎನ್ನುವವರಿಗೆ ನಾನು ಎರಡು ಸಂಗತಿ ನೆನಪು ಮಾಡುತ್ತೇನೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ಮೈಯೊಳಗೆ ಹೊಕ್ಕ ಗುಂಡನ್ನು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ಲನೇ ಇಂಥ ಯಂತ್ರ ಕಟ್ಟಿಕೊಂಡು ಹೋದ, ಗುಂಡು ಸಿಗಲಿಲ್ಲ. ಹಾಸಿಗೆಯಡಿಯ ಉಕ್ಕಿನ ಸ್ಪ್ರಿಂಗುಗಳು ಅಡ್ಡಬಂದದ್ದು ಒಂದು ಕಾರಣ. 2013ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಡೌಂಡಿಯಾ ಖೇರಾದಲ್ಲಿ ಒಬ್ಬ ಸಾಧು 1000 ಟನ್ ಚಿನ್ನದ ಕನಸು ಕಂಡ. ಭೂವೈಜ್ಞಾನಿಕ ಸರ್ವೇಕ್ಷಣೆಯವರ ಯಂತ್ರಕ್ಕೂ ನೆಲದಡಿ ಏನೋ ವ್ಯತ್ಯಾಸ ಕಂಡಿತು. ಪುರಾತತ್ವದವರು ದೇಶವೆಲ್ಲ ನೋಡುತ್ತಿರುವಂತೆ ಅಗೆದರು. ಸಿಕ್ಕಿದ್ದು ಹಳೆಯ ಗೋಡೆ, ಮಡಕೆ ಚೂರು. ಸರ್ಕಾರದ ಸ್ವಾಮಿ ಮತ್ತು ಸರ್ಕಾರದ ಯಂತ್ರ ಸೇರಿದರೂ ಅಷ್ಟೇ.

ಇದಕ್ಕಿಂತ ಕೀಳಾದ ಸರಕೂ ಇದೆ. ಹಿಡಿಕೆಗೊಂದು ಆಂಟೆನಾ ಕಡ್ಡಿ ಸಿಕ್ಕಿಸಿ, ಇಷ್ಟು ದೂರದ ಚಿನ್ನ ತೋರಿಸುತ್ತೇವೆ ಎಂದು ಮಾರುವವರು. ಇದೇ ಬಗೆಯ ಖಾಲಿ ಡಬ್ಬವನ್ನು ಬಾಂಬು ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ ಇಂಗ್ಲೆಂಡಿನ ಮೆಕಾರ್ಮಿಕ್ ಎಂಬವನಿಗೆ 2013ರಲ್ಲಿ ಹತ್ತು ವರ್ಷ ಜೈಲಾಯಿತು. ಅವನ ಸರಕಿನ ಮೂಲ ಗಾಲ್ಫ್ ಚೆಂಡು ಹುಡುಕುವ ಒಂದು ಆಟಿಕೆ. ನಮ್ಮ ಹುಡುಗನ ಕೈಗೆ ಸಿಕ್ಕ ಕರಪತ್ರದಲ್ಲಿ "ಮೂವತ್ತು ಅಡಿ ಆಳ" ಎಂದು ಅಚ್ಚಾಗಿತ್ತು. ಅರವತ್ತನಾಲ್ಕರ ಲೆಕ್ಕ ಬಲ್ಲವನು ಅದನ್ನು ಓದಿ ನಗಬೇಕು. ಸರ ಗಿರವಿಯಿಟ್ಟವನಿಗೆ ನಗು ಬರುವುದಿಲ್ಲ.

ಗುಡಿಯ ಮಾತಿಗೆ ಬರುತ್ತೇನೆ. ನಮ್ಮೂರಿನ ಕೆರೆ ಏರಿಯ ಪಕ್ಕ ಒಂದು ಪಾಳು ಗುಡಿ ಇತ್ತು, ಎದುರಿಗೆ ಬಸವ, ಪಕ್ಕದಲ್ಲಿ ಮೂರು ವೀರಗಲ್ಲು. ಬಸವನ ಹೊಟ್ಟೆಯಲ್ಲಿ ವಜ್ರ ಇದೆ ಎಂದು ಯಾರೋ ಹೇಳಿದರು. ನಾನು ಆಗ ಕಾಲೇಜು ಓದುತ್ತಿದ್ದೆ. ರಾತ್ರಿ ಸುತ್ತಿಗೆಯ ಸದ್ದು ನಮ್ಮ ಮನೆಗೆ ಕೇಳಿಸಿತು. ಅಪ್ಪನಿಗೂ ಕೇಳಿಸಿತು, ನನಗೂ ಕೇಳಿಸಿತು. ಇಬ್ಬರೂ ಮಗ್ಗುಲು ಬದಲಿಸಿ ಮಲಗಿದೆವು. ಬೆಳಗ್ಗೆ ನೋಡಿದರೆ ಬಸವ ಎರಡು ಹೋಳು, ಒಂದು ವೀರಗಲ್ಲು ಮೂರು ತುಂಡು. ಅದರ ಮೇಲೆ ಅಕ್ಷರವಿತ್ತು. ಏನು ಬರೆದಿತ್ತೆಂದು ನಾನು ಯಾವತ್ತೂ ಓದಿರಲಿಲ್ಲ, ಯಾರಿಂದಲೂ ಓದಿಸಿರಲಿಲ್ಲ. ಆ ತುಂಡುಗಳು ಆಮೇಲೆ ಯಾರದೋ ಮನೆಯ ಪಾಯಕ್ಕೆ ಸೇರಿದವು.

ಕಲ್ಲೊಂದರಲ್ಲಿ ಏನಿರುತ್ತದೆ ಎಂಬುದಕ್ಕೆ ಮದ್ದೂರು ತಾಲೂಕಿನ ಆತಕೂರೇ ಸಾಕ್ಷಿ. ಕ್ರಿ.ಶ. 949–50ರ ಆ ಕಲ್ಲಿನಲ್ಲಿ ತಕ್ಕೋಲದ ಯುದ್ಧ ಇದೆ, ಚೋಳರ ರಾಜಾದಿತ್ಯ ಸತ್ತದ್ದು ಇದೆ, ರಾಷ್ಟ್ರಕೂಟ ಕೃಷ್ಣ ಮತ್ತು ಗಂಗರ ಬೂತುಗ ಇದ್ದಾರೆ. ಅಷ್ಟೆಲ್ಲ ದೊಡ್ಡವರ ನಡುವೆ ಒಂದು ನಾಯಿ ಇದೆ. ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದಾಗ ಮಣಲೇರ ಎಂಬ ವೀರ ಬೇಡಿದ್ದು ಕಾಳಿ ಎಂಬ ಆ ನಾಯಿಯನ್ನು. ಅದು ಹಂದಿಯೊಂದಿಗೆ ಕಾದಾಡಿತು, ಹಂದಿಯೂ ನಾಯಿಯೂ ಸತ್ತವು, ನಾಯಿಗಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿಗೆ ಹೋದದ್ದರಿಂದ ಉಳಿಯಿತು. ಅದರಡಿ ಕೊಡ ಇದೆಯೆಂದು ಯಾವನಾದರೂ ಸ್ವಾಮಿ ಬೆರಳು ತೋರಿಸಿದ್ದರೆ ಕಾಳಿಯ ಕತೆ ಯಾವ ಮನೆಯ ಪಾಯದಲ್ಲಿರುತ್ತಿತ್ತೋ. ನಮ್ಮೂರಿನ ಕಲ್ಲಿನಲ್ಲಿ ಯಾರಿದ್ದರು? ಅದನ್ನು ಈಗ ಯಾವ ಕಾಯಿಲು ಹುಡುಕಿಕೊಡುತ್ತದೆ?

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಆ ರಾತ್ರಿ ಮಗ್ಗುಲು ಬದಲಿಸಿದ್ದನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿಕೊಂಡು, "ಅಂಗಾದ್ರೆ ಎಂಟಿಂಚಿಂದೇ ಸಾಕು ಅಂತೀರಾ?" ಎಂದ.

ಜಾಮೀನಿನ ಕಾಗದ ನನ್ನ ಮೇಜಿನ ಮೇಲೆಯೇ ಇದೆ, ಸಹಿ ಹಾಕಿಲ್ಲ. ಸರ ಬಿಡಿಸಿಕೊಳ್ಳಲು ದುಡ್ಡು ಬೇಕಾದರೆ ಬಾ ಎಂದು ಹೇಳಿ ಕಳಿಸಿದ್ದೇನೆ. ತಂಗಿ ಎರಡು ವಾರದಿಂದ ಫೋನು ಮಾಡಿಲ್ಲ.