ಕಣ್ಣಿನ ಗಾಯ ನಾಳೆಗೆ ಕಾಯದು

ಭತ್ತದ ಗರಿ ಕಣ್ಣಿಗೆ ತಗಲುವುದು ನಮ್ಮ ರೈತರಿಗೆ ಹೊಸದಲ್ಲ. ಕೊಯ್ಲಿನಲ್ಲಿ, ಒಕ್ಕಣೆಯಲ್ಲಿ, ಕಬ್ಬಿನ ರವದಿ ಸುಲಿಯುವಾಗ ಒಂದಲ್ಲ ಒಂದು ದಿನ ಇದು ಆಗಿಯೇ ಆಗುತ್ತದೆ. ಕಣ್ಣುಜ್ಜಿ, ನಾಲ್ಕು ಹನಿ ನೀರು ಎರಚಿ, ಮತ್ತೆ ಕೆಲಸಕ್ಕೆ ಬಗ್ಗುತ್ತೇವೆ. ಎಷ್ಟೋ ಸಲ ಅದು ತಾನಾಗಿಯೇ ವಾಸಿಯಾಗುತ್ತದೆ. ಆದರೆ ವಾಸಿಯಾಗದೆ ಹೋದಾಗ ಅದಕ್ಕೆ ಬೇಕಾಗುವುದು ಎರಡೇ: ಕಣ್ಣಿನ ವೈದ್ಯರು ಮತ್ತು ಅವರಲ್ಲಿಗೆ ಬೇಗ ತಲುಪುವ ದಾರಿ. 2020ರ ಬೇಸಿಗೆಯಲ್ಲಿ ಈ ಎರಡಕ್ಕೂ ಬೀಗ ಬಿದ್ದಂತಾಗಿತ್ತು. ಕೊರೋನಾ ಕಾಲದ ಕಷ್ಟಗಳ ಪಟ್ಟಿಯಲ್ಲಿ ಕಣ್ಣಿನ ಕಷ್ಟ ಎಲ್ಲೋ ಕೊನೆಯಲ್ಲಿ ಉಳಿದುಬಿಟ್ಟಿದೆ. ಅದನ್ನು ಇಂದು ನೆನೆಯಬೇಕಾಗಿದೆ.

ಆ ವರ್ಷ ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಲಾಕ್‌ಡೌನ್ ಎಂದು ಸಾರಲಾಯಿತು. ಮೊದಲು 21 ದಿನ ಎಂದದ್ದು ಮೂರು ಬಾರಿ ಮುಂದುವರಿದು ಮೇ 31ರವರೆಗೆ ಬೆಳೆಯಿತು. ಬಸ್ಸು ನಿಂತಿತು, ರೈಲು ನಿಂತಿತು. ನಮ್ಮ ರಾಜ್ಯದಲ್ಲಿ ಸಾರಿಗೆ ಸಂಸ್ಥೆಯ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ರಂದು.

ಆದರೆ ಹೊಲದ ಕೆಲಸ ನಿಲ್ಲಲಿಲ್ಲ. ನಿಲ್ಲುವಂತೆಯೂ ಇರಲಿಲ್ಲ. ಮಾರ್ಚ್ 27ರಂದೇ ಕೇಂದ್ರ ಸರ್ಕಾರವು ಬೇಸಾಯದ ಕೆಲಸ, ಮಂಡಿ, ಕೊಯ್ಲು ಯಂತ್ರಗಳ ಸಂಚಾರಕ್ಕೆ ವಿನಾಯಿತಿ ಕೊಟ್ಟಿತು. ಅದು ಸರಿಯಾದ ಕ್ರಮವೇ. ತುಂಗಭದ್ರಾ, ಭದ್ರಾ ಅಚ್ಚುಕಟ್ಟುಗಳಲ್ಲಿ ಬೇಸಿಗೆ ಭತ್ತ ಕೊಯ್ಲಿಗೆ ಬರುವ ಕಾಲ ಅದು. ಆಸ್ಪತ್ರೆಗಳಿಗೂ ವಿನಾಯಿತಿ ಇತ್ತು. ಹೀಗೆ ಕಾಗದದ ಮೇಲೆ ಹೊಲವೂ ತೆರೆದಿತ್ತು, ಆಸ್ಪತ್ರೆಯೂ ತೆರೆದಿತ್ತು. ಮುಚ್ಚಿದ್ದು ನಡುವಿನ ರಸ್ತೆ. ಸ್ವಂತ ವಾಹನ ಇಲ್ಲದ ಕೂಲಿಯವನಿಗೆ, ಒಂಟಿ ಹೆಂಗಸಿಗೆ, ವಯಸ್ಸಾದವರಿಗೆ ಐವತ್ತು ಮೈಲಿಯ ಆಚೆಗಿನ ಕಣ್ಣಾಸ್ಪತ್ರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿತ್ತು.

ಹಾಗೂ ಹೀಗೂ ಹೋದವರಿಗೆ ವೈದ್ಯರು ಸಿಕ್ಕರೇ? ಆ ಲಾಕ್‌ಡೌನ್ ಕಾಲದಲ್ಲಿ ದೇಶದ ನೇತ್ರತಜ್ಞರ ನಡುವೆ ಒಂದು ಸಮೀಕ್ಷೆ ನಡೆಯಿತು. ಉತ್ತರಿಸಿದ 1,260 ನೇತ್ರತಜ್ಞರಲ್ಲಿ ಶೇಕಡ 72.5ರಷ್ಟು ಮಂದಿ ಆಗ ರೋಗಿಗಳನ್ನು ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದವರಲ್ಲಿ ಹೆಚ್ಚಿನವರು ತುರ್ತು ರೋಗಿಗಳನ್ನು ಮಾತ್ರ ನೋಡುತ್ತಿದ್ದರು. ವೈದ್ಯರನ್ನು ದೂರಿ ಫಲವಿಲ್ಲ. ಕಣ್ಣು ನೋಡಬೇಕಾದರೆ ರೋಗಿಯ ಮುಖಕ್ಕೆ ಒಂದು ಗೇಣು ಹತ್ತಿರ ಬರಲೇಬೇಕು. ಸೋಂಕಿನ ಭಯ ಅವರಿಗೂ ಇತ್ತು. ನಾಲ್ಕರಲ್ಲಿ ಮೂವರು ದೂರವಾಣಿ, ವೀಡಿಯೋ ಮೂಲಕ ಸಲಹೆ ಕೊಡತೊಡಗಿದ್ದರು ಎಂಬುದನ್ನೂ ಅದೇ ಸಮೀಕ್ಷೆ ಹೇಳಿದೆ.

ಆದರೆ ಫೋನಿನಲ್ಲಿ ಆಗದ ಕೆಲಸವೂ ಇದೆ. ಗರಿಯೋ ಹೊಟ್ಟೋ ಕಣ್ಣಿನ ಕರಿಗುಡ್ಡೆಯ ಮೇಲಿನ ತಿಳಿಪೊರೆಯನ್ನು ಗೀರಿದಾಗ, ಆ ಗೀರಿನೊಳಕ್ಕೆ ಶಿಲೀಂಧ್ರ ಸೇರಬಹುದು. ಬೆಳೆಗೆ ಬೂಷ್ಟು ಹಿಡಿಯುವಂತೆಯೇ ಇದು. ಬ್ಯಾಕ್ಟೀರಿಯಾವೂ ಸೇರಬಹುದು. ಎರಡಕ್ಕೂ ಔಷಧಿ ಬೇರೆ ಬೇರೆ. ಯಾವುದೆಂದು ತಿಳಿಯಲು ಹುಣ್ಣಿನಿಂದ ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಶಿಲೀಂಧ್ರವಾದರೆ ನಾಟಮೈಸಿನ್‌ನಂಥ ಹನಿಯನ್ನು ಮೊದಮೊದಲು ಗಂಟೆಗೊಮ್ಮೆ, ಮುಂದೆ ವಾರಗಟ್ಟಲೆ ಹಾಕಬೇಕು. ತಡವಾದರೆ ಹುಣ್ಣು ಆಳಕ್ಕಿಳಿದು ಕಣ್ಣು ತೂತಾಗುತ್ತದೆ. ವಾಸಿಯಾದರೂ ಹೂ ಬಿದ್ದು ದೃಷ್ಟಿ ಮಸುಕಾಗುತ್ತದೆ. ಆಗ ಉಳಿಯುವ ದಾರಿ ದಾನ ಬಂದ ಕಣ್ಣಿನ ಪೊರೆಯನ್ನು ಕೂರಿಸುವುದು. ಲಾಕ್‌ಡೌನ್ ಕಾಲದಲ್ಲಿ ನೇತ್ರದಾನದ ಸಂಗ್ರಹವೂ ಬಹುಮಟ್ಟಿಗೆ ನಿಂತಿತ್ತು.

ಪೊರೆ ಬಂದ ಕಣ್ಣು ಆರು ತಿಂಗಳು ಕಾದರೂ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಬೆಳಕು ಮರಳುತ್ತದೆ. ಹುಣ್ಣಾದ ಕಣ್ಣಿಗೆ ಆರು ದಿನವೂ ಹೆಚ್ಚು. ಈ ವ್ಯತ್ಯಾಸ ಹಳ್ಳಿಯ ಜನಕ್ಕೆ ತಿಳಿದಿರಲಿಲ್ಲ, ರಸ್ತೆಯಲ್ಲಿ ತಡೆಯುವವರಿಗೂ ತಿಳಿದಿರಲಿಲ್ಲ. ‘ಕಣ್ಣು ತಾನೆ, ಆಮೇಲೆ ನೋಡೋಣ’ ಎಂಬ ಮಾತು ಎರಡು ಕಡೆಯೂ ನಡೆಯಿತು.

ಮರುವರ್ಷ, 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ಲಾಕ್‌ಡೌನ್ ನಡುವೆ ಕಪ್ಪು ಶಿಲೀಂಧ್ರದ ರೋಗ ಕಾಣಿಸಿಕೊಂಡಿತು. ಕೊರೋನಾಕ್ಕೆ ಸ್ಟೀರಾಯ್ಡ್ ಪಡೆದ, ಸಕ್ಕರೆ ಕಾಯಿಲೆಯವರನ್ನು ಅದು ಹೆಚ್ಚಾಗಿ ಹಿಡಿಯಿತು. ಮೂಗು, ಕೆನ್ನೆಯಿಂದ ಕಣ್ಣಿಗೆ, ಅಲ್ಲಿಂದ ಮಿದುಳಿಗೆ ಹಬ್ಬುವ ರೋಗ ಅದು. ಆಂಫೊಟೆರಿಸಿನ್ ಔಷಧಿಗೆ ಎಲ್ಲೆಡೆ ಅಭಾವ. ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾದವರೂ ಇದ್ದರು. ಅಲ್ಲಿಯೂ ಒಂದೊಂದು ದಿನದ ತಡಕ್ಕೆ ಬೆಲೆ ತೆರಬೇಕಾಯಿತು.

ಸೋಂಕು ತಡೆಯಲು ಜನಸಂಚಾರ ಕಡಿಮೆ ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ವಾದ ಇಷ್ಟೇ: ಕೊಯ್ಲು ಯಂತ್ರ ಜಿಲ್ಲೆಯಿಂದ ಜಿಲ್ಲೆಗೆ ಹೋಗಲು ದಾರಿ ಮಾಡಿದ ಆಡಳಿತ, ಕೊಯ್ಲಿನಲ್ಲಿ ಕಣ್ಣಿಗೆ ಪೆಟ್ಟಾದವನಿಗೂ ದಾರಿ ಮಾಡಬೇಕಿತ್ತು. ಬೆಳೆಯನ್ನು ತುರ್ತು ಎಂದ ಮೇಲೆ ಬೆಳೆದವನ ಕಣ್ಣೂ ತುರ್ತೇ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗಬಾರದು. ಸಾಂಕ್ರಾಮಿಕವೇ ಬರಬೇಕೆಂದಿಲ್ಲ; ಹೊಳೆ ಉಕ್ಕಿ ಸೇತುವೆ ಮುಳುಗಿದರೂ ದಾರಿ ಮುಚ್ಚುತ್ತದೆ. ಆದ್ದರಿಂದ ಪ್ರತಿ ಗ್ರಾಮ ಪಂಚಾಯಿತಿಯೂ ತುರ್ತಿಗೆ ಒದಗುವ ಎರಡು ಮೂರು ವಾಹನಗಳ ಪಟ್ಟಿಯನ್ನು, ಹತ್ತಿರದ ಕಣ್ಣಿನ ವೈದ್ಯರ ದೂರವಾಣಿ ಸಂಖ್ಯೆಯನ್ನು ಗೋಡೆಗೆ ಹಚ್ಚಲಿ. ಕಣ್ಣುಹುಣ್ಣಿನ ಔಷಧಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಸದಾ ದಾಸ್ತಾನಿಡಲಿ. ಮುಂದೆ ಯಾವ ನಿರ್ಬಂಧದ ಆಜ್ಞೆ ಬಂದರೂ ಕಣ್ಣಿನ ಪೆಟ್ಟನ್ನು ಹೆಸರಿಸಿ ತುರ್ತು ಪಟ್ಟಿಗೆ ಸೇರಿಸಲಿ. ಇದಕ್ಕೆ ದೊಡ್ಡ ಹಣವೇನೂ ಬೇಡ.

ರೈತ ಬಾಂಧವರು ಮಾಡಬೇಕಾದದ್ದೂ ಇದೆ. ಕಣ್ಣಿಗೆ ಪೆಟ್ಟಾದಾಗ ಉಜ್ಜಬೇಡಿ. ನಂದಿಬಟ್ಟಲಿನ ರಸ, ಎದೆಹಾಲು, ಹರಳೆಣ್ಣೆ ಯಾವುದನ್ನೂ ಹಾಕಬೇಡಿ. ಅಂಗಡಿಯಿಂದ ಕೇಳಿ ತಂದ ಹನಿಯೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಕಡಿಮೆಯಾದಂತೆ ಕಂಡು ಒಳಗೆ ಶಿಲೀಂಧ್ರ ಹಬ್ಬುತ್ತದೆ. ಸುಣ್ಣವೋ ಕೀಟನಾಶಕವೋ ಸಿಡಿದರೆ ಕೂಡಲೇ ಅರ್ಧ ಗಂಟೆ ಶುದ್ಧ ನೀರಿನಿಂದ ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಿ. ನೋವು, ಕೆಂಪು, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು, ಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಯಾವುದು ಕಂಡರೂ ಅಂದೇ ಹೋಗಿ.

ಬೆಳೆ ಒಂದು ಹಂಗಾಮು ಹೋದರೆ ಮತ್ತೊಂದು ಹಂಗಾಮಿಗೆ ಬರುತ್ತದೆ. ಹೋದ ಕಣ್ಣು ಬರುವುದಿಲ್ಲ.