ಹಿಮ ದಾಟಿ ಬಂದ ಅತಿಥಿಗಳು

ರಜೆ ಬಂತೆಂದರೆ ಮನೆಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಗಂಡಸರು ಗೆಳೆಯರೊಂದಿಗೆ ಗಾಡಿ ಮಾಡಿಕೊಂಡು ಹೊರಟುಬಿಡುತ್ತಾರೆ. ಹೆಂಗಸರ ಪಾಲಿಗೆ ಬರುವ ಪ್ರವಾಸಗಳು ಎರಡೇ: ಒಂದು ಮದುವೆ, ಇನ್ನೊಂದು ಮಯ್ಯತ್. ಅಪರೂಪಕ್ಕೆ ಕುಟುಂಬ ಸಮೇತ ಹೊರಟರೂ ಬೆಳಗಿನ ಜಾವ ಎದ್ದು ಬುತ್ತಿ ಕಟ್ಟುವುದು, ಹೋದಲ್ಲಿ ಬಡಿಸುವುದು, ಬಂದ ಮೇಲೆ ಪಾತ್ರೆ ತಿಕ್ಕುವುದು ಅವರದೇ ಕೆಲಸ. ಅಡುಗೆಮನೆ ಜಾಗ ಬದಲಿಸಿತು, ಅಷ್ಟೇ.

ಮಕ್ಕಳು ಟಿ.ವಿ.ಯಲ್ಲಿ ಅಲಾಸ್ಕಾದ ದೃಶ್ಯಗಳನ್ನು ನೋಡುತ್ತಾರೆ. ಅಲ್ಲಿನ ಸ್ಟಿಕೀನ್ ನದಿಯಲ್ಲಿ ದೋಣಿ ಹತ್ತಿದವರು ಹಿಮನದಿಯ ಸಮೀಪದವರೆಗೆ ಹೋಗಬಹುದು. ದಾರಿಯಲ್ಲಿ ಕರಡಿ, ಕಡವೆಗಿಂತ ದೊಡ್ಡ ಮೂಸ್, ಬಿಳಿ ತಲೆಯ ಹದ್ದುಗಳು ಕಾಣಸಿಗುತ್ತವೆ. "ಅಮ್ಮೀ, ನಮ್ಮ ಕಡೆ ಇಂಥಾದ್ದು ಏನೂ ಇಲ್ಲೇನು?" ಎಂದು ಮಗಳು ಕೇಳಿದರೆ ಏನು ಉತ್ತರ ಕೊಡುವುದು?

ಹಿಮನದಿ ಎಂದರೆ ವರ್ಷಾನುಗಟ್ಟಲೆ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗೆ ಜಾರುವ ಮಂಜುಗಡ್ಡೆಯ ರಾಶಿ. ಅದು ಅಲ್ಲಾಹನು ಪರ್ವತಗಳ ಮೇಲೆ ಇಟ್ಟ ನೀರಿನ ಕಣಜ. ಗಂಗೆಗೆ ಗಂಗೋತ್ರಿಯಲ್ಲಿ ಅಂಥ ಕಣಜವಿದೆ. ನಮ್ಮ ಘಟಪ್ರಭೆಗೆ ಇಲ್ಲ. ಪಶ್ಚಿಮ ಘಟ್ಟದ ಮಳೆಯೇ ಅವಳ ಆಧಾರ. ಅದಕ್ಕೇ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ ಕಟ್ಟಬೇಕಾಯಿತು. ಬೇಸಿಗೆಗಾಗಿ ಕೂಡಿಡುವ ಕೆಲಸವನ್ನು ಅಲ್ಲಿ ಹಿಮ ಮಾಡುತ್ತದೆ, ಇಲ್ಲಿ ಅಣೆಕಟ್ಟು ಮಾಡುತ್ತದೆ. ಭೂಮಿ ಬಿಸಿಯೇರಿ ಹಿಮನದಿಗಳು ಕರಗುತ್ತಿರುವುದರಿಂದ ವಿಶ್ವಸಂಸ್ಥೆಯು 2025ನೇ ವರ್ಷವನ್ನು ಅವುಗಳ ಸಂರಕ್ಷಣೆಗೆಂದೇ ಮೀಸಲಿಟ್ಟಿತು.

ಹಿಮದ ಬಳಿಗೆ ನಾವು ಹೋಗಲಾಗದಿದ್ದರೇನು? ಹಿಮ ದಾಟಿದವರೇ ನಮ್ಮ ಬಳಿಗೆ ಬರುತ್ತಾರೆ. ಗೋಕಾಕ ಸೀಮೆಯ ಧೂಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಬ್ರಿಟಿಷರ ಕಾಲದ ಒಡ್ಡು ಇದೆ. ಅದರ ಹಿನ್ನೀರಿನ ಸುತ್ತಲಿನ ಪ್ರದೇಶವನ್ನು 1974ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಚಳಿಗಾಲದಲ್ಲಿ ಇಲ್ಲಿಗೆ ಡೆಮೋಸೆಲ್ ಕ್ರೇನ್ ಎಂಬ ಬೂದುಬಣ್ಣದ, ಉದ್ದ ಕಾಲಿನ ಹಕ್ಕಿಗಳು ಬರುತ್ತವೆ. ಇವುಗಳ ತವರು ಮಂಗೋಲಿಯಾ, ಕಜಕಸ್ತಾನದಂಥ ಮಧ್ಯ ಏಷ್ಯಾದ ಬಯಲುಗಳು. ಭಾರತಕ್ಕೆ ಬರುವಾಗ ಈ ಜಾತಿಯ ಅನೇಕ ಹಿಂಡುಗಳು ಹಿಮಾಲಯವನ್ನೇ ದಾಟುತ್ತವೆ. ಹಸಿವು, ಬಿರುಗಾಳಿ, ಹದ್ದಿನ ದಾಳಿ ಎಲ್ಲವನ್ನೂ ಸಹಿಸಿ ಬಂದ ಈ ಅತಿಥಿಗಳು ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ಇಳಿದಿರುತ್ತವೆ. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳು ಅವುಗಳನ್ನು ನೋಡಿದ್ದಾರೆ?

ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರೆಂದು ಪವಿತ್ರ ಕುರ್‌ಆನ್ ಕರೆ ಕೊಡುತ್ತದೆ. ಆ ಕರೆ ಗಂಡಸರಿಗೆ ಮಾತ್ರ ಎಂದು ಎಲ್ಲಿಯೂ ಹೇಳಿಲ್ಲ. ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಸೂರಃ ಅನ್‌ಆಮ್ ತಿಳಿಸುತ್ತದೆ. ಮದ್ರಸದಲ್ಲಿ ಇದನ್ನು ಬಾಯಿಪಾಠ ಮಾಡಿದ ಹುಡುಗಿ ಒಂದು ಸಲ ಆ ಸಮುದಾಯವನ್ನು ಕಣ್ಣಾರೆ ಕಂಡರೆ ಆ ವಚನ ಅವಳ ಎದೆಯಲ್ಲಿ ಉಳಿಯುತ್ತದೆ.

ದೋಣಿಯಲ್ಲೇ ಕುಳಿತು ನೋಡುವ ಆಸೆಯಿದ್ದವರಿಗೆ ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು ಇದೆ. 1940ರಲ್ಲಿ ಘೋಷಣೆಯಾದ ಈ ಪಕ್ಷಿಧಾಮದಲ್ಲಿ ಅರಣ್ಯ ಇಲಾಖೆಯವರು ಕಾವೇರಿಯ ನಡುಗಡ್ಡೆಗಳ ಸುತ್ತ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಮರದ ತುಂಬ ಕೊಕ್ಕರೆಗಳ ಗೂಡು, ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ!

ಆದರೆ ದೋಣಿಯ ಮಾತು ಬಂದಾಗ ತಾನೂರನ್ನು ಮರೆಯಬಾರದು. 2023ರ ಮೇ 7ರ ಸಂಜೆ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಒಂದೇ ಕುಟುಂಬದ 11 ಮಂದಿ ಹೋದರು. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ, ಮಿತಿಮೀರಿ ಜನ ತುಂಬಿ, ಕತ್ತಲಾಗುವ ಹೊತ್ತಿಗೆ ನೀರಿಗಿಳಿಸಲಾಗಿತ್ತು. ಇದನ್ನು ತಕ್ದೀರ್ ಎಂದಷ್ಟೇ ಹೇಳಿ ಸುಮ್ಮನಾಗುವುದು ಸರಿಯಲ್ಲ. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬುದು ಪ್ರವಾದಿ(ಸ)ಯವರ ಬೋಧನೆ. ದೋಣಿಯಲ್ಲಿ ಒಂಟೆ ಕಟ್ಟುವುದೆಂದರೆ ಲೈಫ್ ಜಾಕೆಟ್ ಕಟ್ಟಿಕೊಳ್ಳುವುದು.

ಆದ್ದರಿಂದ ಸಹೋದರಿಯರೇ, ಹತ್ತುವ ಮುನ್ನ ಕೇಳಿರಿ: ಪರವಾನಗಿ ಇದೆಯೇ? ಎಷ್ಟು ಜನರ ದೋಣಿ? ಮಕ್ಕಳ ಅಳತೆಯ ಜಾಕೆಟ್ ಇದೆಯೇ? ಬುರ್ಖಾದ ಮೇಲೆಯೇ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ, ನಾಚಿಕೆ ಬೇಡ. ಹೆಚ್ಚು ಜನ ಹತ್ತಿದರೆ ಮಕ್ಕಳನ್ನು ಕರೆದುಕೊಂಡು ಇಳಿದುಬಿಡಿ. ಕೊಟ್ಟ ಹಣ ಹೋದರೆ ಹೋಗಲಿ. ಮಳೆಗಾಲದ ಘಟಪ್ರಭೆಯನ್ನಂತೂ ದೂರದಿಂದಲೇ ನೋಡಿ. 2019ರ ಆಗಸ್ಟ್‌ನಲ್ಲಿ ಅವಳು ಗೋಕಾಕ ಪಟ್ಟಣದೊಳಗೇ ನುಗ್ಗಿದ್ದನ್ನು ಮರೆತವರಿಲ್ಲ.

ಮನೆಯ ಯಜಮಾನರಿಗೂ ಒಂದು ಮಾತು. ಧೂಪದಾಳಕ್ಕೆ ಹೆಚ್ಚು ಖರ್ಚಿಲ್ಲ. ಮೂಡಲಗಿಯಿಂದಾಗಲಿ ಹುಕ್ಕೇರಿಯಿಂದಾಗಲಿ ಬೆಳಿಗ್ಗೆ ಹೊರಟರೆ ಮಗ್‌ರಿಬ್‌ಗೆ ಮನೆ ಸೇರಬಹುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಂದು ಭಾನುವಾರ ಸಾಕು. ಅಂದು ರೊಟ್ಟಿ-ಪಲ್ಲೆ ಖಾನಾವಳಿಯಿಂದ ಕಟ್ಟಿಸಿಕೊಂಡು ಹೋಗಿ. ತಾಯಿ, ಹೆಂಡತಿ, ಮಗಳು ದಂಡೆಯ ಮೇಲೆ ಸುಮ್ಮನೆ ಕುಳಿತು ನೋಡಲಿ. ಹಕ್ಕಿಗೆ ಕಲ್ಲೆಸೆಯದಂತೆ, ಪ್ಲಾಸ್ಟಿಕ್ ಬಿಟ್ಟು ಬರದಂತೆ ಮಕ್ಕಳಿಗೆ ಅಲ್ಲಿಯೇ ಕಲಿಸಿರಿ. ಅತಿಥಿಗೆ ತೊಂದರೆ ಕೊಡುವ ಮನೆ ಮುಸಲ್ಮಾನರ ಮನೆಯಾಗಬಾರದು.